ಗದ್ದ ಕೆಳಗೆ

ಕುತ್ತಿಗೆ ಕೈಕೊಡದೆ ಇದ್ದಿದ್ದರೆ ರತ್ನಮ್ಮ ಆ ತರಬೇತಿಯ ಕಡೆ ತಲೆಹಾಕಿ ಕೂಡ ಮಲಗುತ್ತಿರಲಿಲ್ಲ. ಗ್ರೇಟರ್ ನೋಯ್ಡಾದಲ್ಲಿ ಆಗ ಎತ್ತ ತಿರುಗಿದರೂ ಕಟ್ಟಡ ಏಳುತ್ತಿತ್ತು. ಜಲ್ಲಿ, ಮರಳು, ಇಟ್ಟಿಗೆ ಹೊರುವುದಕ್ಕೆ ತಲೆಗಳು ಬೇಕಿದ್ದವು. ಗುಂಡಣ್ಣ ಮೇಸ್ತ್ರಿ ರಾಯಚೂರು ಸೀಮೆಯಿಂದ ರೈಲು ಹತ್ತಿಸಿಕೊಂಡು ಬಂದ ತಲೆಗಳಲ್ಲಿ ರತ್ನಮ್ಮನದೂ ಒಂದು, ಅವಳ ಗಂಡನದೂ ಒಂದು. ಗಂಡ ಎರಡನೆಯ ಚಳಿಗಾಲದಲ್ಲಿ ಸಾರವೆಯಿಂದ ಬಿದ್ದು ಸತ್ತ. ಮಕ್ಕಳಿರಲಿಲ್ಲ. ಊರಿಗೆ ಹೋದರೂ ಹೊರುವುದೇ, ಇಲ್ಲಿದ್ದರೂ ಹೊರುವುದೇ ಅಂದುಕೊಂಡು ಇಲ್ಲೇ ಉಳಿದಳು. ಹೊತ್ತು ಹೊತ್ತು ಒಂದು ದಿನ ಎಡಗೈ ಮರಗಟ್ಟಿತು. ಬುಟ್ಟಿ ಜಾರಿ ಕಾಲ ಮೇಲೆ ಬಿತ್ತು, ಅವಳು ಮೇಸ್ತ್ರಿಯ ಬಾಯಿಗೆ ಬಿದ್ದಳು.

ಜಲಜಾ ಸಿಸ್ಟರ್ ಅವಳಿಗೆ ಸಿಕ್ಕಿದ್ದು ಆ ವಾರವೇ. ಉಡುಪಿಯ ಹೆಂಗಸು, ದೆಹಲಿಯ ಸರಕಾರಿ ಆಸ್ಪತ್ರೆಯಲ್ಲಿ ನರ್ಸಾಗಿ ಇಡೀ ಆಯುಷ್ಯ ಸವೆಸಿದವರು. ನಿವೃತ್ತಿಯಾದ ಮೇಲೆ ಸುಮ್ಮನೆ ಕೂರಬಾರದೇ? ಕೂರಲಿಲ್ಲ. ಘಾಜಿಯಾಬಾದಿನಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಎರಡು ಕೋಣೆ ಹಿಡಿದು, ಬಡ ಹೆಂಗಸರಿಗೆ ರೋಗಿಗಳ ಆರೈಕೆ ಕಲಿಸುವ ಒಂದು ಸಂಸ್ಥೆಯ ಕೆಲಸಕ್ಕೆ ನಿಂತಿದ್ದರು. ಕೂಲಿಗಳ ಶೆಡ್ಡಿಗೆ ತಪಾಸಣೆಗೆ ಬಂದವರು ರತ್ನಮ್ಮನ ಕುತ್ತಿಗೆಯನ್ನು ಬೆರಳಿನಲ್ಲಿ ಒತ್ತಿ ನೋಡಿದರು.

"ಮೂಳೆ ಸವೆದಿದೆ. ಇನ್ನೂ ಬುಟ್ಟಿ ಹೊತ್ತರೆ ಈ ಕೈ ಪೂರಾ ಹೋಗತ್ತೆ. ತಿಳೀತಾ?"

"ಹೊರದಿದ್ರ ಹೊಟ್ಟಿ ಹೋಗ್ತದ್ರೀ," ಎಂದಳು ರತ್ನಮ್ಮ.

"ಹಾಗಾದ್ರೆ ಬೇರೆ ಕೆಲಸ ಕಲಿ. ಮೂರು ತಿಂಗಳು ನನ್ನ ಹತ್ರ ಕಲೀಬೇಕು, ಮೂರು ತಿಂಗಳು ಒಂದು ಮನೇಲಿ ಕೆಲಸ ಮಾಡಬೇಕು. ಆ ಮನೆಯವರು ಒಳ್ಳೆ ಮಾತು ಹೇಳಿದ್ರೆ ಸರ್ಟಿಫಿಕೇಟು. ಸರ್ಟಿಫಿಕೇಟು ಇದ್ರೆ ಆಸ್ಪತ್ರೆ ವಾರ್ಡಿನಲ್ಲಿ ಆಯಾ ಕೆಲಸ ನಾನು ಕೊಡಿಸ್ತೇನೆ."

ಹೀಗೆ ರತ್ನಮ್ಮನ ಕೈ ಉಳಿಯುವುದೂ ಹೋಗುವುದೂ ಯಾವುದೋ ಕಾಣದ ಮನೆಯವರ ಒಂದು ಒಳ್ಳೆಯ ಮಾತಿನ ಮೇಲೆ ನಿಂತಿತು.

ಕ್ಲಾಸಿನಲ್ಲಿ ಬಿಹಾರದವರು, ಬಂಗಾಳದವರು, ಇಬ್ಬರು ನೇಪಾಳಿಗಳು ಇದ್ದರು. ಎಲ್ಲರಿಗೂ ಸೇರಿ ಒಂದೇ ರಬ್ಬರಿನ ಗೊಂಬೆ. ಅದಕ್ಕೆ ಹೆಂಗಸರು ಅಮ್ಮಾಜಿ ಎಂದು ಹೆಸರಿಟ್ಟಿದ್ದರು. ಅಮ್ಮಾಜಿಯನ್ನು ಮಗ್ಗುಲು ಬದಲಿಸುವುದು, ಒರೆಸುವುದು, ಹಾಸಿಗೆಯಲ್ಲೇ ಮೈತೊಳೆಯುವುದು, ಬೆನ್ನು ಹುಣ್ಣಾಗದಂತೆ ಪುಡಿ ಹಾಕುವುದು, ಎಲ್ಲ ಅದರ ಮೇಲೇ. ಅಷ್ಟು ಹೆಂಗಸರ ಕೈಗೆ ಸಿಕ್ಕಿ ಅಮ್ಮಾಜಿಯ ಮೂಗು ಸವೆದು ಹೋಗಿತ್ತು ಪಾಪ. ರತ್ನಮ್ಮ ಎಲ್ಲದರಲ್ಲೂ ನಿಧಾನ, ಒಂದನ್ನು ಬಿಟ್ಟು. ಪಾರ್ಶ್ವವಾಯು ಹೊಡೆದವರಿಗೆ ಉಣಿಸುವ ಪಾಠ ಅವಳಿಗೆ ಮೊದಲ ದಿನವೇ ಕೈಗೆ ಹತ್ತಿತು.

"ಇವರ ಗಂಟಲು ಅರ್ಧ ಸತ್ತಿರತ್ತೆ," ಎಂದು ಸಿಸ್ಟರ್ ಹಿಂದಿಯಲ್ಲೊಮ್ಮೆ, ಅವಳಿಗೋಸ್ಕರ ಕನ್ನಡದಲ್ಲೊಮ್ಮೆ ಹೇಳುತ್ತಿದ್ದರು. "ಗಟ್ಟಿ ಗಂಜಿ ಆದ್ರೆ ನಿಧಾನಕ್ಕೆ ಹೊಟ್ಟೆಗೆ ಇಳಿಯತ್ತೆ. ತೆಳು ನೀರು ಹಾದಿ ತಪ್ಪಿ ಎದೆಗೆ ಇಳಿಯತ್ತೆ. ಎದೆಗೆ ಇಳಿದ್ರೆ ಜ್ವರ, ಜ್ವರ ಬಂದ್ರೆ ಸಾವು. ಬೆನ್ನು ನೇರ. ಗದ್ದ ಕೆಳಗೆ. ಒಂದು ಚಮಚ, ನುಂಗಿದ್ದು ನೋಡಿ ಇನ್ನೊಂದು ಚಮಚ. ಅವರು ಬಾಯಾರಿ ಗೋಗರೆದ್ರೂ ಬರೀ ನೀರು ಕೊಡಬೇಡಿ."

ಗದ್ದ ಕೆಳಗೆ, ಗದ್ದ ಕೆಳಗೆ ಎಂದು ರತ್ನಮ್ಮ ಬಸ್ಸಿನಲ್ಲಿ ಕೂತು ಗುನುಗಿಕೊಳ್ಳುತ್ತಿದ್ದಳು. ಪಕ್ಕದವರು ಇವಳಿಗೇನೋ ಆಗಿದೆ ಎಂದು ಸರಿದು ಕೂರುತ್ತಿದ್ದರು.

ಮನೆಯೂ ಸಿಕ್ಕಿತು. ದೆಹಲಿಯ ಕಿದ್ವಾಯಿ ನಗರದ ಸರಕಾರಿ ಕ್ವಾರ್ಟರ್ಸು, ಕನ್ನಡದವರೇ. ಯಜಮಾನರು ದಕ್ಷಿಣಾಮೂರ್ತಿ, ಯಾವುದೋ ಮಂತ್ರಾಲಯದಲ್ಲಿ ಸೆಕ್ಷನ್ ಆಫೀಸರು. ಹೆಂಡತಿ ಸುಮಿತ್ರಾ, ಮಗಳು ತನ್ವಿ. ದಕ್ಷಿಣಾಮೂರ್ತಿಯವರ ತಾಯಿ ಶಾಂತಮ್ಮನವರಿಗೆ ಸಂಕ್ರಾಂತಿಯ ಮಾರನೆಯ ದಿನ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಹಿಂದಿ ಅವರಿಗೆ ಮೊದಲೂ ಬರುತ್ತಿರಲಿಲ್ಲ, ಈಗಂತೂ ಕನ್ನಡವೇ ತೊದಲು. ಅದಕ್ಕೇ ಕನ್ನಡದ ಹೆಂಗಸೇ ಬೇಕೆಂದು ಹಟ ಹಿಡಿದು ಹುಡುಕಿದ್ದರು.

ಮೊದಲ ದಿನ ಸುಮಿತ್ರಾ ಕಾಫಿ ಕೊಡುತ್ತ ಸಿಸ್ಟರನ್ನು ಕೇಳಿದರು: "ಇವರು ಯಾವ ಜನ?"

"ರಾಯಚೂರು ಕಡೆಯವಳು," ಎಂದರು ಜಲಜಾ ಸಿಸ್ಟರ್. "ಬಹಳ ಶುದ್ಧ. ಅಡುಗೆಮನೆಗೆ ಕಾಲಿಡೋದಿಲ್ಲ."

ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಾಯಿತು. ಆದರೆ ಮುದುಕಿಯ ಹೇಲು ಬಾಚುವುದಕ್ಕೆ ದೆಹಲಿಯಲ್ಲಿ ಕನ್ನಡದ ಹೆಂಗಸು ಇನ್ನೊಬ್ಬಳು ಸಿಗುತ್ತಾಳೆಯೇ? ದಕ್ಷಿಣಾಮೂರ್ತಿಗಳು ಪೇಪರಿನಿಂದ ತಲೆಯೆತ್ತದೆ, "ಡೆಲ್ಲೀಲಿ ಅದೆಲ್ಲ ನೋಡೋಕಾಗತ್ತಾ, ಚಲೋ, ಬಿಡು," ಎಂದರು. ಮಾತು ಅಲ್ಲಿಗೆ ಮುಗಿಯಿತು.

ಮುಗಿಯಿತು ಅಂದರೆ, ಬಾಯಲ್ಲಿ ಮುಗಿಯಿತು. ಮನೆಯಲ್ಲಿ ಗೆರೆಗಳು ತಾವಾಗಿಯೇ ಬಿದ್ದವು. ರತ್ನಮ್ಮನಿಗೆ ಬೇರೆ ತಟ್ಟೆ, ಬೇರೆ ಲೋಟ, ಮುದುಕಿಯ ಮಂಚದ ಪಕ್ಕ ಚಾಪೆ. ಮೈತೊಳೆಯುವುದು, ಬಟ್ಟೆ ಬದಲಿಸುವುದು, ಹೊರಳಿಸುವುದು ಎಲ್ಲ ಅವಳು. ಬಾಯಿಗೆ ಹೋಗುವುದು ಮಾತ್ರ ಸುಮಿತ್ರಾ ಅವರ ಕೈಯಿಂದ. ಸಿಸ್ಟರ್ ಸುಮಿತ್ರಾ ಅವರಿಗೂ ಉಣಿಸುವ ಕ್ರಮ ತೋರಿಸಿಕೊಟ್ಟಿದ್ದರು. ಅವರೂ ಪಾಪ ಸರಿಯಾಗಿಯೇ ಮಾಡುತ್ತಿದ್ದರು, ರಾಗಿ ಗಂಜಿಯನ್ನು ಗಟ್ಟಿಯಾಗಿ ಕಾಯಿಸಿ, ಚಮಚ ಚಮಚವಾಗಿ. ರತ್ನಮ್ಮ ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸಿ ಹಿಂದೆ ಸರಿದು ನಿಲ್ಲುವಳು. ತನಗೆ ಚೆನ್ನಾಗಿ ಬರುವ ಒಂದೇ ಒಂದು ಕೆಲಸವನ್ನು ಇನ್ನೊಬ್ಬರು ಮಾಡುವುದನ್ನು ಗೋಡೆಗೆ ಒರಗಿ ನೋಡುವಳು. ಹೇಳಿಕೊಳ್ಳುವುದು ಯಾರಿಗೆ?

ಕುಡಿಯುವ ನೀರನ್ನು ಅವಳು ಹಿತ್ತಲ ನಲ್ಲಿಯಿಂದ ಹಿಡಿದುಕೊಳ್ಳುತ್ತಿದ್ದಳು. ಕಟ್ಟಡದ ಕೆಲಸದವರೆಲ್ಲ ಮಾಡುವ ಹಾಗೆ ಪ್ಲಾಸ್ಟಿಕ್ ಬಾಟಲಿಗೆ ಗೋಣಿಚೀಲ ಸುತ್ತಿ, ಹೊಲಿದು, ಒದ್ದೆ ಮಾಡಿ ಕಿಟಕಿಯಲ್ಲಿಡುವಳು. ಬೇಸಿಗೆಯಲ್ಲಿ ಆ ನೀರು ಫ್ರಿಜ್ಜಿನ ನೀರಿಗಿಂತ ಹಿತವಾಗಿರುತ್ತಿತ್ತು.

ಶಾಂತಮ್ಮನವರು ಮೊದಮೊದಲು ಅವಳನ್ನು ಹತ್ತಿರ ಸೇರಿಸಲಿಲ್ಲ. ಆಡುವ ಎಡಗೈಯಿಂದ ದೂಡುವರು. "ಮುಟ್ಟಬೇಡ" ಎಂಬ ಒಂದು ಮಾತು ಮಾತ್ರ ತೊದಲಿಲ್ಲದೆ ಸ್ಪಷ್ಟವಾಗಿ ಬರುತ್ತಿತ್ತು. ಮೈತೊಳೆದ ಮೇಲೆ ಸೊಸೆಯನ್ನು ಕರೆದು ಗಂಗಾಜಲ ಪ್ರೋಕ್ಷಿಸು ಎನ್ನುವರು. ರತ್ನಮ್ಮ ಒದ್ದೆ ಬಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗುವಳು. ಅವಳಿಗೆ ಇದೇನು ಹೊಸದೇ? ಆದರೆ ಹಾಸಿಗೆ ಹಿಡಿದ ಮನುಷ್ಯರ ಮಡಿ ಎಷ್ಟು ದಿನ ನಡೆದೀತು. ಹೊತ್ತಿಗೊಮ್ಮೆ ಮಗ್ಗುಲು ಬದಲಿಸುವ ಕೈ ಒಂದೇ, ಬೆನ್ನಿನ ನವೆ ಎಲ್ಲಿದೆ ಎಂದು ಕೇಳದೆ ಗೊತ್ತಾಗುವ ಕೈ ಒಂದೇ. ಹೋಳಿ ಕಳೆಯುವ ಹೊತ್ತಿಗೆ ಗಂಗಾಜಲ ನಿಂತಿತು. ರಾಮನವಮಿಯ ಹೊತ್ತಿಗೆ ಅವಳು "ರತ್ನಿ" ಆಗಿದ್ದಳು.

"ನನಗೆ ನಂಜನಗೂಡಲ್ಲಿ ಬಾವಿ ಇತ್ತು ರತ್ನಿ," ಎನ್ನುವರು ಮುದುಕಿ, ಒಂದೊಂದೇ ಮಾತು ಕೂಡಿಸಿ. "ಸೇದಿ ಸೇದಿ ಕುಡೀತಿದ್ದೆ. ಇಲ್ಲಿ ಬರೀ ಅಂಟು. ಬಾಯೆಲ್ಲ ಅಂಟು."

ಗಂಜಿ ಬಿಟ್ಟು ಅವರ ನಾಲಿಗೆ ಬೇರೆ ಕಂಡಿರಲಿಲ್ಲ. ನೀರು ಬೇಕು ಎಂದು ದಿನಕ್ಕೆಷ್ಟು ಸಲ ಕೇಳುವರೋ ಲೆಕ್ಕವಿಲ್ಲ. ಸುಮಿತ್ರಾ ಒದ್ದೆ ಬಟ್ಟೆಯಿಂದ ತುಟಿ ಒರೆಸುವರು, ಆಮೇಲೆ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಳ್ಳುವರು.

ಮೇ ತಿಂಗಳ ಒಂದು ದಿನ ತನ್ವಿಯ ಸ್ಕೂಲಿನಲ್ಲಿ ಹನ್ನೊಂದನೆಯ ಕ್ಲಾಸಿನ ಅಡ್ಮಿಶನ್ನು. "ಮಮ್ಮಾ, ಜಲ್ದೀ ಕರೋ ನಾ, ಲೇಟ್ ಆಗ್ತಿದೆ," ಎಂದು ಹುಡುಗಿ ಬಾಗಿಲಲ್ಲಿ ಕುಣಿಯುತ್ತಿತ್ತು. ಸುಮಿತ್ರಾ ಅತ್ತೆಗೆ ಗಂಜಿಯನ್ನು ಸ್ವಲ್ಪ ಅವಸರವಾಗಿಯೇ ಉಣಿಸಿ, ಬಾಯಿ ಒರೆಸಿ ಹೊರಟರು. ರತ್ನಮ್ಮ ನೋಡುತ್ತಲೇ ಇದ್ದಳು. ಅವಸರವಿತ್ತು, ಆದರೆ ಪ್ರತಿ ಚಮಚವೂ ಸರಿಯಾಗಿ ಇಳಿದಿತ್ತು. ಮುದುಕಿ ಒಮ್ಮೆಯೂ ಕೆಮ್ಮಲಿಲ್ಲ.

ಅವರು ಹೋದ ಸ್ವಲ್ಪ ಹೊತ್ತಿಗೆ ಕರೆಂಟು ಹೋಯಿತು. ಕೂಲರು ನಿಂತಿತು. ದೆಹಲಿಯ ಮೇ ತಿಂಗಳ ಮಧ್ಯಾಹ್ನ ಕರೆಂಟಿಲ್ಲದ ಕೋಣೆ ಹೇಗಿರುತ್ತದೆಂದು ಅನುಭವಿಸಿದವರಿಗೇ ಗೊತ್ತು. ರತ್ನಮ್ಮ ಬೀಸಣಿಗೆ ಬೀಸಿದಳು, ಒದ್ದೆ ಬಟ್ಟೆ ಹಣೆಗೆ ಹಾಕಿದಳು. ಬಟ್ಟೆ ಹಾಕುತ್ತಿದ್ದಂತೆ ಒಣಗುತ್ತಿತ್ತು.

"ನೀರು ಕೊಡೇ," ಎಂದರು ಶಾಂತಮ್ಮ.

"ಅಮ್ಮಾರು ಬರ್ತಾರ್ರೀ. ಬಂದು ಗಂಜಿ ಕೊಡ್ತಾರ."

"ಗಂಜಿ ಅಲ್ಲ. ನೀರು." ಮುದುಕಿಯ ಕಣ್ಣು ಕಿಟಕಿಯ ಮೇಲಿತ್ತು. ಅಲ್ಲಿ ಗೋಣಿ ಸುತ್ತಿದ ಬಾಟಲಿಯಿಂದ ಹನಿ ಜಿನುಗುತ್ತಿತ್ತು. "ಅದು."

"ಅದು ನನ್ನ ನೀರ್ರೀ."

"ಗೊತ್ತು."

"ಡಾಕ್ಟರು ಕೊಡಬಾರ್ದಂತ ಹೇಳ್ಯಾರ್ರೀ. ಎದಿಗೆ ಇಳೀತದ."

"ಸಾಯೋಕೆ ಬಂದಿದೀನಿ. ಬಾಯಾರಿಸಿ ಸಾಯಿಸ್ತೀರಾ ಎಲ್ರೂ?" ಮುದುಕಿ ಎಡಗೈ ಚಾಚಿ ಅವಳ ಸೆರಗು ಹಿಡಿದರು. "ಕೊಡು ರತ್ನಿ. ನಿನ್ನ ಕೈಯಾರೆ ಕೊಡು."

ಇಲ್ಲಿ ರತ್ನಮ್ಮ ಕೆಟ್ಟಳು. ಬಾಯಾರಿಕೆಗೆ ಕರಗಿ ಕೆಟ್ಟಳು ಎಂದರೆ ಅದು ಅರ್ಧ ಸತ್ಯ. ಬಾಯಾರಿಕೆಯನ್ನು ಅವಳು ವಾರಗಟ್ಟಲೆ ನೋಡಿದ್ದಳು, ಕರಗಿರಲಿಲ್ಲ. ಅವಳ ತಲೆಗೆ ಹೊಕ್ಕಿದ್ದು ಬೇರೆ. ಅವಳ ಊರಲ್ಲಿ ಅವಳ ಅವ್ವ ಕೊಡ ಹಿಡಿದು ಮೇಲಿನವರ ಬಾವಿಯಿಂದ ದೂರದಲ್ಲಿ ಬಿಸಿಲಲ್ಲಿ ನಿಂತಿರುತ್ತಿದ್ದಳು. ಯಾರಾದರೂ ಪುಣ್ಯಾತ್ಗಿತ್ತಿ ಬಂದು ಸೇದಿ, ಮುಟ್ಟದ ಹಾಗೆ ಮೇಲಿಂದ ಸುರಿಯಬೇಕು. ಸುರಿಯದೆ ಹೋದರೆ ಖಾಲಿ ಕೊಡ. ಪುಟ್ಟ ರತ್ನಿ ಅವ್ವನ ಸೆರಗು ಹಿಡಿದುಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದಳು. ಅಂಥ ಬಾವಿಯ ಮನೆಯ ಹೆಂಗಸೊಬ್ಬಳು ಈಗ ಅವಳ ಸೆರಗು ಹಿಡಿದು, ನಿನ್ನ ನೀರು ಕೊಡು ಎನ್ನುತ್ತಿದ್ದಳು. ಇಲ್ಲ ಎಂದು ಹೇಳುವುದು ಹೇಗೆ? ಅವಳ ವಂಶದಲ್ಲಿ ಯಾರೂ ಅಂಥವರಿಗೆ ನೀರು ಕೊಟ್ಟವರಿರಲಿಲ್ಲ.

ಅವಳು ಬಾಟಲಿ ತಂದಳು. ಕಲಿತದ್ದನ್ನು ಪೂರಾ ಮರೆತಿರಲಿಲ್ಲ, ಅದನ್ನೂ ಹೇಳಬೇಕು. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿದಳು. "ಗದ್ದ ಕೆಳಗ ಮಾಡ್ರೀ ಅವ್ವಾರ," ಎಂದಳು. ತನ್ನ ಚಮಚದಿಂದ ಒಂದು ಗುಟುಕು ಹಾಕಿದಳು, ಇಳಿಯಿತು. ಇನ್ನೊಂದು, ಅದೂ ಇಳಿಯಿತು. ಅಷ್ಟರಲ್ಲಿ ಮುದುಕಿ ಎಡಗೈಯಿಂದ ಬಾಟಲಿಯನ್ನೇ ಹಿಡಿದು ಬಾಯಿಗೆ ಎತ್ತಿಕೊಂಡರು. ತಲೆ ಹಿಂದಕ್ಕೆ ವಾಲಿತು, ಗದ್ದ ಮೇಲಕ್ಕೆ ಹೋಯಿತು. ಕಿತ್ತುಕೊಳ್ಳಬೇಕಿತ್ತು. ಅಮ್ಮಾಜಿಯ ಮುಂದೆ ನಿಂತು ನೂರು ಸಲ ಕಲಿತದ್ದು ಅದನ್ನೇ. ರತ್ನಮ್ಮ ಕಿತ್ತುಕೊಳ್ಳಲಿಲ್ಲ. ತಾನು ಬಾಯಿ ಹಚ್ಚಿ ಕುಡಿಯುವ ಬಾಟಲಿಗೆ ಶಾಂತಮ್ಮನವರ ತುಟಿ ಹತ್ತಿದ್ದನ್ನು ನೋಡುತ್ತ ನಿಂತುಬಿಟ್ಟಳು.

ಕೆಮ್ಮು ಬಂತು. ದೊಡ್ಡದೇನಲ್ಲ. ರತ್ನಮ್ಮ ಬೆನ್ನು ತಟ್ಟಿದಳು, ಬಾಯಿ ಒರೆಸಿದಳು. ಮುದುಕಿಯ ಕಣ್ಣಲ್ಲಿ ನೀರಾಡುತ್ತಿತ್ತು, ಆದರೆ ಮುಖ ಅರಳಿತ್ತು.

"ನಿನ್ನ ಹೊಟ್ಟೆ ತಣ್ಣಗಿರಲಿ," ಎಂದರು.

ಅಂಥ ಹರಕೆ ಅವಳಿಗೆ ಹುಟ್ಟಿದಂದಿನಿಂದ ಯಾರೂ ಹರಸಿರಲಿಲ್ಲ. ಆ ಮಧ್ಯಾಹ್ನ ಅವಳು ಸುಖವಾಗಿದ್ದಳು. ಸುಳ್ಳು ಯಾಕೆ ಹೇಳಲಿ, ಬಹಳ ಸುಖವಾಗಿದ್ದಳು.

ಮಾರನೆಯ ಸಂಜೆ ಜ್ವರ ಬಂತು. ಎದೆ ಗೊರಗೊರ ಎನ್ನತೊಡಗಿತು. ಆಸ್ಪತ್ರೆಗೆ ಸೇರಿಸಿದರು. ತಿಂದದ್ದೋ ಕುಡಿದದ್ದೋ ಏನೋ ಹಾದಿ ತಪ್ಪಿ ಶ್ವಾಸಕೋಶಕ್ಕೆ ಹೋಗಿದೆ ಎಂದರು ಡಾಕ್ಟರು. ಮೂಗಿಗೆ ಕೊಳವೆ ಹಾಕಿದರು. ವಾರ ತುಂಬುವುದರೊಳಗೆ ಶಾಂತಮ್ಮನವರು ಹೋಗಿಬಿಟ್ಟರು.

ಡಾಕ್ಟರ ಮಾತು ಕೇಳಿದ ಗಳಿಗೆಯಿಂದ ಸುಮಿತ್ರಾ ಕಲ್ಲಾದರು. ಆ ದಿನ ಅವಸರದಲ್ಲಿ ಉಣಿಸಿದ್ದು ಅವರೇ. ಅಸ್ಥಿ ಬಿಟ್ಟು ಬಂದ ದಿನ ನೆಂಟರೆಲ್ಲ ಕೂತಿರುವಾಗ ದಕ್ಷಿಣಾಮೂರ್ತಿಗಳು ಅಂದರು: "ಒಂದು ಗಂಟೆ ಲೇಟಾಗಿ ಹೋಗಿದ್ರೆ ಸ್ಕೂಲೇನು ಓಡಿಹೋಗ್ತಿತ್ತಾ?" ಅಷ್ಟೇ. ಆ ಒಂದು ಮಾತಿಗೆ ಸುಮಿತ್ರಾ ಊಟ ಬಿಟ್ಟರು. ತನ್ವಿ ತನ್ನಿಂದಲೇ ಆಯಿತೆಂದು ಕೋಣೆ ಸೇರಿಕೊಂಡಿತು.

ಕರ್ಮ ಮುಗಿಯುವವರೆಗೆ ಹೊರಗೆಲಸಕ್ಕೆಂದು ರತ್ನಮ್ಮನನ್ನು ಉಳಿಸಿಕೊಂಡಿದ್ದರು; ಅವಳು ಎಲ್ಲವನ್ನೂ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತ ಕೇಳಿದಳು. ಅವಳಿಗೆ ಗೊತ್ತಿತ್ತು, ಗಂಜಿಯಿಂದಲ್ಲ. ಪ್ರತಿ ಚಮಚ ಇಳಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಬಾಯಿ ಬಿಟ್ಟರೆ ಸರ್ಟಿಫಿಕೇಟು ಹೋಯಿತು, ವಾರ್ಡಿನ ಕೆಲಸ ಹೋಯಿತು, ಜೈಲಿಗೆ ಹಾಕಿದರೂ ಹಾಕಿದರು. ಬಾಯಿ ಬಿಡದಿದ್ದರೆ ಈ ಹೆಂಗಸು ಹೀಗೇ ಒಣಗಿ ಹೋಗುತ್ತಾಳೆ. ನನಗೇನು, ನನ್ನ ಕೈ ಉಳಿಯಲಿ, ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹಗಲೆಲ್ಲ ಹೇಳಿಕೊಂಡಳು. ನಾಲಿಗೆ ಒಪ್ಪಿತು, ಹೊಟ್ಟೆ ಒಪ್ಪಲಿಲ್ಲ.

ವೈಕುಂಠ ಸಮಾರಾಧನೆ ಮುಗಿದು ನೆಂಟರು ಹೊರಟ ಮೇಲೆ ದಕ್ಷಿಣಾಮೂರ್ತಿಗಳು ಅವಳನ್ನು ಕರೆದರು. "ನೀನು ಅಮ್ಮನ್ನ ಚೆನ್ನಾಗಿ ನೋಡ್ಕೊಂಡೆ. ಸಿಸ್ಟರ್‌ಗೆ ಫೋನ್ ಮಾಡಿ ಹೇಳ್ತೀನಿ," ಎಂದರು. ಬೇಕಾದ ಆ ಒಂದು ಒಳ್ಳೆಯ ಮಾತು ಬಂದೇ ಬಿಟ್ಟಿತ್ತು. ಅವಳು ತನ್ನ ಗಂಟು ಕಟ್ಟಲು ಮುದುಕಿಯ ಕೋಣೆಗೆ ಹೋದಳು.

ಸುಮಿತ್ರಾ ಹಾಸಿಗೆ ತೆಗೆದ ಬರಿಯ ಮಂಚದ ಮೇಲೆ ಕೂತಿದ್ದರು.

"ನಾನೇ ಕೊಂದೆ ರತ್ನಾ," ಎಂದರು, ಅವಳ ಮುಖ ನೋಡದೆ. "ಇಷ್ಟು ತಿಂಗಳು ನೋಡ್ಕೊಂಡು ಕೊನೇಗೆ ನಾನೇ ಕೊಂದೆ."

ರತ್ನಮ್ಮ ಗಂಟು ಕೆಳಗಿಟ್ಟಳು.

"ನೀವಲ್ರೀ ಅಮ್ಮಾರ. ನಾನು. ಅವತ್ತು ಕರೆಂಟ್ ಹೋಗಿತ್ತು. ನೀರು ಕೇಳಿದ್ರು. ನಾ ಕೊಟ್ಟೆ. ಕೆಮ್ಮಿದ್ರು. ನಿಮ್ಮ ಗಂಜಿ ಸರಿ ಇಳದಿತ್ತು, ನಾ ನೋಡೀನಿ. ನನ್ನ ನೀರಿನಿಂದ ಆತು."

ಸುಮಿತ್ರಾ ತಲೆಯೆತ್ತಿದರು. ಎದೆಯ ಮೇಲಿನ ಕಲ್ಲು ಯಾರೋ ಎತ್ತಿದ ಹಾಗೆ ಉದ್ದನೆಯ ಉಸಿರು ಹೊರಬಂತು, ಅದರ ಹಿಂದೆ ಅಳು. ಹದಿಮೂರು ದಿನ ಬಾರದ ಅಳು ಅದು. ರತ್ನಮ್ಮ ನಿಂತೇ ಇದ್ದಳು. ಬೈಗುಳಕ್ಕೆ, ಹೊಡೆತಕ್ಕೆ, ಪೊಲೀಸರಿಗೆ, ಎಲ್ಲದಕ್ಕೂ ತಯಾರಾಗಿ ನಿಂತಿದ್ದಳು. ಯಾಕೆ ಕೊಟ್ಟೆ ಎಂದು ಕೇಳಿದರೆ ಏನು ಹೇಳುವುದೆಂದು ಯೋಚಿಸುತ್ತಿದ್ದಳು.

ಸುಮಿತ್ರಾ ಸೆರಗಿನಿಂದ ಮುಖ ಒರೆಸಿಕೊಂಡರು. ಒರೆಸುತ್ತಿದ್ದ ಕೈ ನಡುವೆ ನಿಂತಿತು.

"ಯಾವ ನೀರು?" ಎಂದರು.

"ಹಾಂ?"

"ಯಾವ ನೀರು ಕೊಟ್ಟೆ? ಅಡುಗೆಮನೆಗೆ ಹೋಗಿದ್ಯಾ?"

"ಇಲ್ರೀ. ನನ್ನ ಬಾಟ್ಲಿದು."

"ನೀನು ಕಚ್ಚಿ ಕುಡಿಯೋ ಬಾಟಲಿ? ಅದಕ್ಕೆ ಬಾಯಿ ಹಚ್ಚಿದ್ರಾ ಅತ್ತೆ?"

"ಹೂಂ ರೀ."

"ನೀನು ಯಾವ ಜನ ರತ್ನಾ?"

ಈ ಸಲ ಉತ್ತರ ಹೇಳುವುದಕ್ಕೆ ಜಲಜಾ ಸಿಸ್ಟರ್ ಇರಲಿಲ್ಲ. "ಹೊಲಗೇರಿಯವ್ರು ರೀ," ಎಂದಳು ರತ್ನಮ್ಮ.

ಸುಮಿತ್ರಾ ಎದ್ದು ನಿಂತರು. "ರೀ, ಬನ್ನಿ ಇಲ್ಲಿ," ಎಂದು ಗಂಡನನ್ನು ಕರೆದರು. ದೆಹಲಿಯಲ್ಲಿ ಅದೆಲ್ಲ ನೋಡೋಕಾಗತ್ತಾ ಎಂದಿದ್ದ ಮಹಾನುಭಾವರು ಎಲ್ಲ ಕೇಳಿ, ಕುರ್ಚಿ ಹುಡುಕಿಕೊಂಡು ಕೂತರು. ಆಮೇಲೆ ಎದ್ದು ಪುರೋಹಿತರಿಗೆ ಫೋನು ಮಾಡಿದರು. ಮಾಡಿದ ಕರ್ಮವೆಲ್ಲ ನಿಲ್ಲುತ್ತದೆಯೋ ಇಲ್ಲವೋ, ಇನ್ನೇನು ಪ್ರಾಯಶ್ಚಿತ್ತ ಮಾಡಿಸಬೇಕು ಎಂದು ತಗ್ಗಿದ ದನಿಯಲ್ಲಿ ಕೇಳುತ್ತಿದ್ದರು. ಎದೆಗೆ ಇಳಿದ ನೀರಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ರತ್ನಮ್ಮನಿಗೆ ಹಿತ್ತಲ ಬಾಗಿಲು ತೋರಿಸಿದರು. ಅವಳು ಗಂಟು ಎತ್ತಿಕೊಂಡಳು, ಕಿಟಕಿಯಲ್ಲಿದ್ದ ಬಾಟಲಿಯನ್ನೂ.

ಘಾಜಿಯಾಬಾದಿನಲ್ಲಿ ಜಲಜಾ ಸಿಸ್ಟರಿಗೆ ಫೋನು ಅವಳಿಗಿಂತ ಮೊದಲೇ ಬಂದಿತ್ತು.

"ಜಾತಿ ಮುಚ್ಚಿಟ್ಟು ಕಳಿಸಿದ್ರಿ ಅಂತ ನನ್ನ ಮೇಲೆ ಹಾರಾಡಿದ್ರು," ಎಂದರು ಸಿಸ್ಟರ್. ಅವರ ಹಿಂದೆ ಮಂಚದ ಮೇಲೆ ಅಮ್ಮಾಜಿ ಮಲಗಿತ್ತು. "ಬೇರೆ ಏನಾದ್ರೂ ಕೇಳಿದ್ರಾ? ಎಷ್ಟು ನೀರು, ಹೇಗೆ ಕೊಟ್ಟೆ, ಎಷ್ಟು ಕೆಮ್ಮಿದ್ರು?"

"ಕೇಳ್ಲಿಲ್ರೀ. ನಾ ಕೊಂದೀನಿ ಅಂತ ಹೇಳಾಕ ಹೋಗಿದ್ದೆ. ಅವ್ರು ಅದನ್ನ ಕಿವಿಗೇ ಹಾಕ್ಕೊಳ್ಳಲಿಲ್ಲ."

ಸಿಸ್ಟರ್ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ನೋಡು, ಅವರು ಹೇಳಿದ ಕಾರಣಕ್ಕೆ ನಾನು ನಿನ್ನನ್ನ ಕೈಬಿಡೋಳಲ್ಲ. ಅವರ ಮುಖಕ್ಕೆ ಹೇಳಿದೀನಿ ಅದನ್ನ. ಆದ್ರೆ ನಾನು ಕಲಿಸಿದ್ದು ಒಂದು ಪಾಠ ಇತ್ತಲ್ಲ ರತ್ನಾ. ಅದು ನಿನಗೇ ಎಲ್ಲರಿಗಿಂತ ಚೆನ್ನಾಗಿ ಬರ್ತಿತ್ತು. ಗೊತ್ತಿದ್ದೂ ಕೊಟ್ಟೆ. ವಾರ್ಡಿನಲ್ಲಿ ಇಪ್ಪತ್ತು ಜನ ನೀರು ಕೇಳ್ತಾರೆ. ಹೇಗೆ ಕಳಿಸಲಿ ನಿನ್ನ?"

ರತ್ನಮ್ಮ ಅಳಲಿಲ್ಲ. ಅಳುವುದಕ್ಕಿಂತ ಹೆಚ್ಚಾಗಿ ಅವಳಿಗೆ ಒಂದು ಥರದ ಸಮಾಧಾನವೇ ಆಯಿತು. ತಾನು ಮಾಡಿದ ತಪ್ಪನ್ನು ತಪ್ಪು ಎಂದು ಹೆಸರಿಟ್ಟು ಕರೆದವರು ಇವರೊಬ್ಬರೇ. "ಸರಿ ಅದ ರೀ ಸಿಸ್ಟರ್," ಎಂದಳು. ಹೊರಡುವಾಗ ಅಮ್ಮಾಜಿಯ ತಲೆ ದಿಂಬಿನಿಂದ ಜಾರಿದ್ದನ್ನು ಕಂಡು ಸರಿಮಾಡಿ ಹೋದಳು.

ಗುಂಡಣ್ಣ ಮೇಸ್ತ್ರಿ ಅವಳನ್ನು ಕಂಡು ನಕ್ಕ. "ಬಂದ್ರಾ ಡಾಕ್ಟರಮ್ಮಾರು," ಎಂದ. ಬುಟ್ಟಿ ಕೊಟ್ಟ. ಜೂನ್ ತಿಂಗಳ ಬಿಸಿಲಲ್ಲಿ ಮತ್ತೆ ಮೂರನೆಯ ಮಹಡಿಗೆ, ನಾಲ್ಕನೆಯ ಮಹಡಿಗೆ. ಎಡಗೈ ಮೊಣಕೈವರೆಗೆ ಸತ್ತ ಹಾಗೆ ಇರುತ್ತಿತ್ತು, ಬಲಗೈಯಿಂದ ಅದನ್ನು ಎತ್ತಿ ಬುಟ್ಟಿಯ ಅಂಚಿಗೆ ಇಡಬೇಕಿತ್ತು.

ಒಂದು ಮಧ್ಯಾಹ್ನ ಬಿಹಾರದಿಂದ ಹೊಸದಾಗಿ ಬಂದ ಹೆಂಗಸೊಬ್ಬಳು ಮರಳಿನ ರಾಶಿಯ ನೆರಳಿಗೆ ಓಡಿಬಂದು, ಕೇಳದೆಯೇ ಅವಳ ಗೋಣಿ ಸುತ್ತಿದ ಬಾಟಲಿ ಎತ್ತಿಕೊಂಡಳು. ನಿಂತಲ್ಲೇ ತಲೆ ಹಿಂದಕ್ಕೆ ಚೆಲ್ಲಿ ಗಟಗಟ ಸುರಿದುಕೊಳ್ಳಲು ಹೊರಟಳು. ರತ್ನಮ್ಮ ಅವಳ ಮೊಣಕೈ ಹಿಡಿದಳು.

"ಬೈಠ್ ಕೇ ಪೀ," ಎಂದಳು. "ಠೋಡೀ ನೀಚೇ ಕರ್." ಅದೇ ಹಳೆಯ ಪಾಠ, ಗದ್ದ ಕೆಳಗೆ.

ಆ ಹೆಂಗಸು ಇವಳಿಗೇನು ಹುಚ್ಚೇ ಎಂಬಂತೆ ನೋಡಿದಳು. ಸುತ್ತಲಿದ್ದವರು ನಕ್ಕರು. ಆದರೂ ರತ್ನಮ್ಮ ಬಿಡಲಿಲ್ಲ. ಅವಳನ್ನು ಇಟ್ಟಿಗೆಯ ಮೇಲೆ ಕೂರಿಸಿ, ಆಡುವ ಕೈಯಿಂದ ಬಾಟಲಿಯ ಬುಡ ಹಿಡಿದು, ಒಂದೊಂದೇ ಗುಟುಕು ಗಂಟಲಲ್ಲಿ ಇಳಿಯುವುದನ್ನು ನೋಡುತ್ತ ಕುಡಿಸಿದಳು. ಕುಡಿದು ಮುಗಿದ ಮೇಲೆ ಬಾಟಲಿಯ ಮುಚ್ಚಳ ಹಾಕಿದಳು. ಆಮೇಲೆ ಸತ್ತ ಕೈಯನ್ನು ಎತ್ತಿ ಬುಟ್ಟಿಯ ಅಂಚಿಗಿಟ್ಟು, ಎದ್ದು ಮೆಟ್ಟಿಲು ಹತ್ತಿದಳು.